ಕ್ವೇಕರ್ ಸಭೆಗಳ ವಾರ್ತಾಕ್ರಮ ಮತ್ತು ಸಾಮಾಜಿಕ ಸಾಕ್ಷ್ಯ

ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ, ಅಂತರ್ಯುದ್ಧದ ಕೋಲಾಹಲದ ನಡುವೆ, ಇಂಗ್ಲೆಂಡಿನಲ್ಲಿ ಹುಟ್ಟಿಕೊಂಡ ಮತಪಂಥಗಳು ಹಲವು. ಅವುಗಳಲ್ಲಿ ಹೆಚ್ಚಿನವು ಒಂದೆರಡು ತಲೆಮಾರುಗಳೊಳಗೆ ಅಳಿದುಹೋದುವು. ಉಳಿದುಕೊಂಡ ಕೆಲವೇ ಪಂಥಗಳಲ್ಲಿ ಜಾರ್ಜ್ ಫಾಕ್ಸನ (1624–1691) ಬೋಧನೆಯಿಂದ ರೂಪುಗೊಂಡ ಮಿತ್ರಸಂಘವೂ ಒಂದು. ‘ಕ್ವೇಕರ್’, ಎಂದರೆ ನಡುಗುವವರು, ಎಂಬುದು ವಿರೋಧಿಗಳು ಪರಿಹಾಸಕ್ಕಾಗಿ ಇಟ್ಟ ಹೆಸರು. ಕಾಲಕ್ರಮದಲ್ಲಿ ಅದೇ ರೂಢಿಯಾಯಿತು. ಈ ಪಂಥದ ಉಳಿವಿಗೆ ಕಾರಣವನ್ನು ಹುಡುಕುವವರು ಸಾಮಾನ್ಯವಾಗಿ ಅದರ ತತ್ತ್ವಗಳ ಕಡೆಗೆ, ಅಹಿಂಸೆ, ಸರಳ ಜೀವನ, ಅಂತರ್ಜ್ಯೋತಿಯಲ್ಲಿ ನಂಬಿಕೆ ಇವುಗಳ ಕಡೆಗೆ, ದೃಷ್ಟಿ ಹರಿಸುತ್ತಾರೆ. ಅದು ಯುಕ್ತವೇ. ಆದರೆ ಅದೇ ಬಗೆಯ ತತ್ತ್ವಗಳನ್ನು ಸಾರಿದ ಬೇರೆ ಪಂಥಗಳು ಏಕೆ ಉಳಿಯಲಿಲ್ಲವೆಂಬ ಪ್ರಶ್ನೆಗೆ ಅದರಿಂದ ಉತ್ತರ ದೊರೆಯುವುದಿಲ್ಲ. ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಲಿರುವುದು ತತ್ತ್ವವನ್ನಲ್ಲ. ವಾರ್ತೆಯನ್ನು ಸಂಗ್ರಹಿಸಿ, ಬರೆದಿಟ್ಟು, ಊರಿಂದೂರಿಗೆ ಸಾಗಿಸಲು ಈ ಜನರು ಕಟ್ಟಿಕೊಂಡ ಕ್ರಮವನ್ನು. ಅವರ ಸಾಮಾಜಿಕ ಸಾಕ್ಷ್ಯಕ್ಕೆ ಬಲ ಬಂದುದು ಈ ಕ್ರಮದಿಂದ. ಆ ಸಾಕ್ಷ್ಯವನ್ನು ಒಂದು ಮಹಾವಿಷಯದಲ್ಲಿ ಎಂಬತ್ತೆಂಟು ವರ್ಷ ತಡೆದು ನಿಲ್ಲಿಸಿದುದೂ ಇದೇ ಕ್ರಮವೆಂದು ನಾವು ಭಾವಿಸುತ್ತೇವೆ.

‘ಸಾಕ್ಷ್ಯ’ ಎಂಬ ಮಾತನ್ನು ಇಲ್ಲಿ ಸ್ವಲ್ಪ ವಿಶದಪಡಿಸಬೇಕು. ನ್ಯಾಯಸ್ಥಾನದಲ್ಲಿ ಸಾಕ್ಷಿಯೆಂದರೆ ಕಂಡುದನ್ನು ಕಂಡಂತೆ ನುಡಿಯುವವನು. ಕ್ವೇಕರರಲ್ಲಿ ಆ ಮಾತಿಗೆ ಇನ್ನೊಂದು ಅರ್ಥವೂ ಉಂಟು: ತನ್ನ ನಂಬಿಕೆಯನ್ನು ನಡತೆಯಿಂದ ಲೋಕಕ್ಕೆ ತೋರಿಸುವುದು. ಆಣೆ ಮಾಡಲು ಒಪ್ಪದಿರುವುದು, ಅಧಿಕಾರಿಯ ಮುಂದೆ ಟೋಪಿ ತೆಗೆಯದಿರುವುದು, ಆಯುಧ ಹಿಡಿಯದಿರುವುದು, ಚರ್ಚಿಗೆ ದಶಮಾಂಶದ ತೆರಿಗೆಯನ್ನು ಕೊಡದಿರುವುದು ಇವೆಲ್ಲ ಸಾಕ್ಷ್ಯಗಳು. ಈ ಎರಡು ಅರ್ಥಗಳೂ ಕ್ವೇಕರರ ನಡವಳಿ ಪುಸ್ತಕಗಳಲ್ಲಿ ಒಂದಾಗಿ ಬೆರೆತಿವೆ.

ಮೂಲರೂಪದಲ್ಲಿ ಈ ಪಂಥಕ್ಕೆ ಪುರೋಹಿತವರ್ಗವಿರಲಿಲ್ಲ; ಪೀಠಾಧಿಪತಿಗಳೂ ಇರಲಿಲ್ಲ. (ಮುಂದೆ ಅಮೆರಿಕದ ಹಲವು ಶಾಖೆಗಳಲ್ಲಿಯೂ ಆಫ್ರಿಕದ ಸಭೆಗಳಲ್ಲಿಯೂ ಪಾದ್ರಿಗಳು ಉಂಟಾದರು, ಆ ಇತಿಹಾಸ ಬೇರೆ.) ಪ್ರತಿಯೊಬ್ಬ ಮನುಷ್ಯನಲ್ಲಿಯೂ ದೈವದ ಬೆಳಕಿದೆಯೆಂದು ನಂಬಿ ಮೌನವಾಗಿ ಕುಳಿತುಕೊಳ್ಳುವುದು, ಯಾರಿಗೆ ಪ್ರೇರಣೆಯಾಗುವುದೋ ಅವರು, ಗಂಡಸಾಗಲಿ ಹೆಂಗಸಾಗಲಿ, ಎದ್ದು ನುಡಿಯುವುದು, ಇಷ್ಟೇ ಅವರ ಉಪಾಸನೆ. ಇಂಥ ಗುಂಪುಗಳು ಬೇಗನೆ ಚದರಿಹೋಗುವುದು ಸಹಜ. ಹಾಗೆ ಚದರದಂತೆ ಮೊದಲು ಹಿಡಿದು ನಿಲ್ಲಿಸಿದುದು ಒಂದು ಮನೆ. ಲ್ಯಾಂಕಷೈರಿನ ಅಲ್ವರ್‌ಸ್ಟನ್ ಬಳಿಯ ಸ್ವಾರ್ತ್‌ಮೂರ್ ಎಂಬ ಆ ಮನೆಗೆ ಫಾಕ್ಸನು 1652ರಲ್ಲಿ ಬಂದನು. ಮನೆಯೊಡತಿ ಮಾರ್ಗರೆಟ್ ಫೆಲ್ (1614–1702) ಅವನ ಬೋಧನೆಯನ್ನು ಒಪ್ಪಿದಳು. ದೇಶದಲ್ಲೆಲ್ಲ ಸಂಚರಿಸುತ್ತಿದ್ದ ಬೋಧಕರು ಆಕೆಗೆ ಕಾಗದ ಬರೆಯುವರು: ಎಲ್ಲಿ ಸಭೆ ಸೇರಿತು, ಯಾರು ಸೆರೆಯಾದರು, ಯಾರಿಗೆ ಮೇಲಂಗಿಯಿಲ್ಲ, ಯಾರ ಹೆಂಡತಿಮಕ್ಕಳು ಅನಾಥರಾಗಿದ್ದಾರೆ ಎಂಬೀ ಸುದ್ದಿಗಳು. ಆಕೆ ಅವನ್ನು ನಕಲು ಮಾಡಿಸಿ ಇತರರಿಗೆ ತಲಪಿಸುವಳು. 1654ರಲ್ಲಿ ಕೆಂಡಾಲ್ ನಿಧಿಯೆಂಬ ಒಂದು ಹಣದ ಗಂಟನ್ನೂ ಏರ್ಪಡಿಸಿದರು. ಕಾಗದ ಮತ್ತು ಹಣ ಒಂದೇ ದಾರಿಯಲ್ಲಿ ಸಾಗಿದುದನ್ನು ಗಮನಿಸಬೇಕು. ಆ ಸುದ್ದಿ ತಿಳಿಯುವ ಕುತೂಹಲಕ್ಕಾಗಿ ಹುಟ್ಟಿದುದಲ್ಲ. ಯಾರಿಗೆ ಏನನ್ನು ಕಳುಹಿಸಬೇಕೆಂಬುದನ್ನು ಗೊತ್ತುಮಾಡಲು ಹುಟ್ಟಿದುದು.

1660ರಲ್ಲಿ ರಾಜಪ್ರಭುತ್ವ ಮರಳಿ ಸ್ಥಾಪಿತವಾದ ಮೇಲೆ ಕ್ವೇಕರರಿಗೆ ಕಷ್ಟಕಾಲ ಬಂದಿತು. 1662ರ ಕ್ವೇಕರ್ ಶಾಸನವು ಆಣೆ ಮಾಡದವರನ್ನೂ, 1664 ಮತ್ತು 1670ರ ಶಾಸನಗಳು ರಾಜಮಾನ್ಯ ಚರ್ಚಿನ ಹೊರಗೆ ಉಪಾಸನೆಗೆ ಸೇರಿದವರನ್ನೂ ದಂಡನೆಗೆ ಗುರಿಮಾಡಿದುವು. ಫಾಕ್ಸನು 1667–68ರಲ್ಲಿ ದೇಶವನ್ನು ಸುತ್ತಿ ಎಲ್ಲೆಡೆಯೂ ಮಾಸಿಕ ಸಭೆಗಳನ್ನು ನಿಲ್ಲಿಸಿದುದು ಈ ಸನ್ನಿವೇಶದಲ್ಲಿ. ಹಲವು ಊರುಗಳ ಉಪಾಸನಾ ಸಭೆಗಳು ಸೇರಿ ಒಂದು ಮಾಸಿಕ ಸಭೆ. ಸಾಧಾರಣವಾಗಿ ಒಂದು ಕೌಂಟಿಗೆ ಒಂದು ತ್ರೈಮಾಸಿಕ ಸಭೆ. ಎಲ್ಲಕ್ಕೂ ಮೇಲೆ ಲಂಡನ್ನಿನ ವಾರ್ಷಿಕ ಸಭೆ. ಹೆಂಗಸರಿಗೆ ಪ್ರತ್ಯೇಕ ಸಭೆಗಳಿದ್ದುವು. ಬಡವರ ಪೋಷಣೆ, ಮದುವೆಗಳ ವಿಚಾರಣೆ ಮುಂತಾದುವು ಬಹುಮಟ್ಟಿಗೆ ಅವರ ಕೈಯಲ್ಲಿದ್ದುವು. ಸುದ್ದಿ ಕೆಳಗಿನಿಂದ ಮೇಲಕ್ಕೆ ಏರುವುದು. ಬುದ್ಧಿಮಾತೂ ವಾರ್ಷಿಕ ಪತ್ರವೂ ಮೇಲಿನಿಂದ ಕೆಳಕ್ಕೆ ಇಳಿಯುವುವು. ಊರು ಬಿಟ್ಟು ಹೋಗುವವನು ತನ್ನ ಸಭೆಯಿಂದ ಯೋಗ್ಯತಾಪತ್ರವನ್ನು ಪಡೆದು ಹೊಸ ಊರಿನ ಸಭೆಗೆ ಒಪ್ಪಿಸಬೇಕು. ಬೋಧನೆಗಾಗಿ ಪ್ರಯಾಣ ಮಾಡುವವರು ಸಭೆಯ ಒಪ್ಪಿಗೆಯ ಪತ್ರವನ್ನು ಜೊತೆಯಲ್ಲಿ ಒಯ್ಯಬೇಕು.

ಈ ಏಣಿಯಲ್ಲಿ ಏರುತ್ತಿದ್ದ ಸುದ್ದಿಗಳಲ್ಲಿ ಪ್ರಮುಖವಾದುವು ಹಿಂಸೆಯ ಸುದ್ದಿಗಳು. ಅವನ್ನು ಬರೆಯುತ್ತಿದ್ದ ರೀತಿ ಇತಿಹಾಸದ ವಿದ್ಯಾರ್ಥಿಗೆ ಬಹಳ ಆಸಕ್ತಿಯ ವಿಷಯ. ಗೋಳಿನ ವರ್ಣನೆ ಅಲ್ಲಿ ಕಡಮೆ. ಇಂಥ ಊರಿನ ಇಂಥವನು, ಇಂಥ ಕಾರಣಕ್ಕೆ, ಇಂಥ ನ್ಯಾಯಾಧೀಶನ ವಾರಂಟಿನ ಮೇಲೆ, ಇಷ್ಟು ದಿನ ಸೆರೆಯಲ್ಲಿದ್ದನು. ಅವನಿಂದ ಬರಬೇಕಾಗಿದ್ದ ಹಣ ಇಷ್ಟು, ಅದಕ್ಕಾಗಿ ಎಳೆದೊಯ್ದ ಹಸು, ಧಾನ್ಯ, ತಾಮ್ರದ ಪಾತ್ರೆಗಳ ಬೆಲೆ ಇಷ್ಟು ಎಂದು ಷಿಲಿಂಗು ಪೆನ್ನಿಗಳವರೆಗೆ ಲೆಕ್ಕವಿಡುವರು. ತೆಗೆದುಕೊಂಡ ವಸ್ತುವಿನ ಬೆಲೆ ಬಾಕಿಯ ಹಣವನ್ನು ಮೀರಿದ್ದರೆ ಅದನ್ನು ವಿಶೇಷವಾಗಿ ಕಾಣಿಸುವರು. ಈ ಶುಷ್ಕ ಲೆಕ್ಕವೇ ಅವರ ಆಯುಧ. 1675ರಲ್ಲಿ ಗೊತ್ತುಮಾಡಿದಂತೆ 1676ರಿಂದ ಲಂಡನ್ನಿನಲ್ಲಿ ಒಂದು ಸಂಕಟಸಭೆ ಕೂಡತೊಡಗಿತು; ಹಿಂಸೆಯ ವೃತ್ತಾಂತಗಳನ್ನು ಒಟ್ಟುಗೂಡಿಸಿ, ಎಲ್ಲಿ ಅಧಿಕಾರಿಗಳು ಕಾನೂನನ್ನು ಮೀರಿದ್ದಾರೆಂದು ಪರಿಶೀಲಿಸಿ, ರಾಜನಿಗೂ ಪಾರ್ಲಿಮೆಂಟಿನ ಸದಸ್ಯರಿಗೂ ನಿವೇದಿಸುವುದು ಅದರ ಕೆಲಸ. ಆಣೆಗೆ ಬದಲಾಗಿ ದೃಢವಚನವನ್ನು ಕೊಡಲು ಕ್ವೇಕರರಿಗೆ ಅವಕಾಶವಿತ್ತ 1696ರ ಶಾಸನದ ಹಿಂದೆ ಈ ಸಭೆಯ ಸತತ ಪ್ರಯತ್ನವಿದ್ದಿತು. 1650ರಿಂದ 1856ರವರೆಗಿನ ಇಂಥ ವೃತ್ತಾಂತಗಳನ್ನು ಬರೆದಿಟ್ಟ 44 ಹಸ್ತಲಿಖಿತ ಸಂಪುಟಗಳು ಲಂಡನ್ನಿನ ಫ್ರೆಂಡ್ಸ್ ಹೌಸಿನ ಗ್ರಂಥಭಂಡಾರದಲ್ಲಿವೆ. ಜೋಸೆಫ್ ಬೆಸ್ ಎಂಬವನು 1753ರಲ್ಲಿ ಎರಡು ಸಂಪುಟಗಳಲ್ಲಿ ಅಚ್ಚುಹಾಕಿಸಿದುದು ಆ ರಾಶಿಯ ಒಂದು ಭಾಗವನ್ನು.

ವಾರ್ತೆಯು ಆತ್ಮಪರೀಕ್ಷೆಯಾಗಿ ಮಾರ್ಪಟ್ಟ ಬಗೆಯನ್ನು ಇಲ್ಲಿಯೇ ಹೇಳಿಬಿಡಬಹುದು. 1682ರಲ್ಲಿ ಲಂಡನ್ ವಾರ್ಷಿಕ ಸಭೆಯು ಕೌಂಟಿಗಳ ಪ್ರತಿನಿಧಿಗಳನ್ನು ಕೇಳಿದ ಪ್ರಶ್ನೆಗಳು ಮೂರು: ಕಳೆದ ಸಭೆಯಿಂದೀಚೆಗೆ ತೀರಿಕೊಂಡ ಬೋಧಕರು ಯಾರು, ಸೆರೆಯಲ್ಲಿ ಸತ್ತವರು ಯಾರು, ಸತ್ಯವು ನಿಮ್ಮಲ್ಲಿ ಹೇಗೆ ವರ್ಧಿಸಿದೆ. ಮೊದಲೆರಡು ಶುದ್ಧ ಸುದ್ದಿಯ ಪ್ರಶ್ನೆಗಳು. ಮೂರನೆಯದು ಹಾಗಲ್ಲ, ಅದಕ್ಕೆ ಉತ್ತರ ಕೊಡುವವನು ತನ್ನವರ ನಡತೆಯನ್ನು ತೂಗಿನೋಡಲೇಬೇಕು. ಕಾಲ ಕಳೆದಂತೆ ಈ ಮೂರನೆಯ ಬಗೆಯ ಪ್ರಶ್ನೆಗಳೇ ಬೆಳೆದು, ಪ್ರತಿಯೊಂದು ಸಭೆಯೂ ಗೊತ್ತಾದ ಕಾಲಕ್ಕೆ ಬರೆದು ಉತ್ತರಿಸಬೇಕಾದ ಪ್ರಶ್ನಾವಳಿಯಾಯಿತು. ಸುದ್ದಿ ಹೇಳುವವನೇ ಸುದ್ದಿಗೆ ವಿಷಯವಾದನು.

ಸಭೆಯಲ್ಲಿ ನಿರ್ಣಯ ಮಾಡುವ ವಿಧಾನವೂ ವಿಶಿಷ್ಟವಾದುದು. ಅಲ್ಲಿ ಮತಗಣನೆಯಿಲ್ಲ. ಮಾತುಗಳನ್ನೆಲ್ಲ ಕೇಳಿದ ಸಭೆಯ ಕರಣಿಕನು ಸಭೆಯ ಒಟ್ಟಭಿಪ್ರಾಯ ಇದೆಂದು ತನಗೆ ತೋರಿದುದನ್ನು ಅಲ್ಲಿಯೇ ಬರೆದು ಓದುವನು; ಸೇರಿದವರು ತಿದ್ದುವರು; ಎಲ್ಲರೂ ಒಪ್ಪಿದ ಮೇಲೆ ಅದು ನಡವಳಿಯಾಗುವುದು. ಒಪ್ಪಿಗೆಯಾಗದಿದ್ದರೆ ವಿಷಯ ಮುಂದಿನ ಸಭೆಗೆ, ಇಲ್ಲವೇ ಮೇಲಿನ ಸಭೆಗೆ. ಬಹುಮತದ ದಬ್ಬಾಳಿಕೆ ಇಲ್ಲಿಲ್ಲವೆಂದು ಈ ವಿಧಾನವನ್ನು ಹೊಗಳುವುದು ವಾಡಿಕೆ. ಆದರೆ ಅಲ್ಪಸಂಖ್ಯರ ಸ್ವಾರ್ಥಕ್ಕೂ ಇದೇ ವಿಧಾನ ಆಶ್ರಯ ಕೊಡಬಲ್ಲುದು. ಅದಕ್ಕೆ ನಿದರ್ಶನ ಅಟ್ಲಾಂಟಿಕ್ ಸಾಗರದ ಆಚೆಯ ದಡದಲ್ಲಿ ದೊರೆಯುತ್ತದೆ.

ಕ್ವೇಕರನಾದ ವಿಲಿಯಂ ಪೆನ್ನನಿಗೆ ದತ್ತವಾಗಿದ್ದ ಪೆನ್ಸಿಲ್ವೇನಿಯ ಪ್ರಾಂತದಲ್ಲಿ ರೈನ್ ತೀರದ ಕ್ರೇಫೆಲ್ಡಿನಿಂದ ಬಂದ ಕುಟುಂಬಗಳು 1683ರಲ್ಲಿ ಜರ್ಮನ್‌ಟೌನ್ ಎಂಬ ಊರನ್ನು ಕಟ್ಟಿದುವು. ಅವರಲ್ಲಿ ಹಲವರು ನೇಕಾರರು. ತಮ್ಮ ಇಂಗ್ಲಿಷ್ ಮತಬಾಂಧವರು ಆಫ್ರಿಕದ ಜನರನ್ನು ಕೊಂಡು ದುಡಿಸುತ್ತಿದ್ದುದನ್ನು ಕಂಡು ಇವರು ಬೆರಗಾದರು. ಸ್ವತಃ ಪೆನ್ನನ ಬಳಿಯೂ ದಾಸರಿದ್ದರು. 1688ರ ಏಪ್ರಿಲಿನಲ್ಲಿ ಫ್ರಾನ್ಸಿಸ್ ಡೇನಿಯಲ್ ಪಾಸ್ಟೋರಿಯಸ್, ಗೆರಿಟ್ ಹೆಂಡ್ರಿಕ್ಸ್, ಡೆರಿಕ್ ಮತ್ತು ಅಬ್ರಹಾಂ ಆಪ್ ಡೆನ್ ಗ್ರಾಫ್ ಸೋದರರು ಹೀಗೆ ನಾಲ್ವರು ಸಹಿ ಮಾಡಿ ಮಾಸಿಕ ಸಭೆಗೆ ಒಂದು ಪತ್ರವನ್ನು ಸಲ್ಲಿಸಿದರು. ನಮಗೆ ಯಾರೂ ಮಾಡಬಾರದೆಂದು ನಾವು ಬಯಸುವುದನ್ನು ನಾವು ಅವರಿಗೆ ಮಾಡಬಹುದೇ ಎಂಬುದು ಅದರ ಮೂಲಪ್ರಶ್ನೆ. ಅವರು ತಮ್ಮ ಬಿಡುಗಡೆಗಾಗಿ ಹೋರಾಡಿದರೆ ಕತ್ತಿ ಹಿಡಿಯದ ನೀವು ಏನು ಮಾಡುವಿರಿ ಎಂದೂ ಕೇಳಿದ್ದರು. ನಮ್ಮ ದೃಷ್ಟಿಯಲ್ಲಿ ಮುಖ್ಯವಾದುದು ಅವರ ಇನ್ನೊಂದು ವಾದ: ಕ್ವೇಕರರು ಮನುಷ್ಯರನ್ನು ದನಗಳಂತೆ ನಡೆಸಿಕೊಳ್ಳುತ್ತಾರೆಂಬ ಸುದ್ದಿ ಯೂರೋಪಿಗೆ ಮುಟ್ಟುತ್ತಿದೆ, ಅಲ್ಲಿಯವರಿಗೆ ನಾವು ಏನು ಉತ್ತರ ಹೇಳೋಣ? ಸುದ್ದಿಯಿಂದ ಬದುಕಿದ ಪಂಥಕ್ಕೆ ಸುದ್ದಿಯ ಭಯವನ್ನೇ ತೋರಿಸಿದ ವಾದವಿದು.

ಪತ್ರವು ಏಣಿಯನ್ನು ಏರಿದ ಬಗೆಯನ್ನು ನಡವಳಿಗಳಿಂದಲೇ ತಿಳಿಯಬಹುದು. ಮಾಸಿಕ ಸಭೆಯು ವಿಷಯ ಬಹಳ ಗುರುತರವಾದುದೆಂದು ಹೇಳಿ ತ್ರೈಮಾಸಿಕ ಸಭೆಗೆ ಕಳುಹಿಸಿತು. ಜೂನಿನಲ್ಲಿ ಫಿಲಡೆಲ್ಫಿಯದ ತ್ರೈಮಾಸಿಕ ಸಭೆಯೂ ಅದೇ ಮಾತನ್ನು ಹೇಳಿ ವಾರ್ಷಿಕ ಸಭೆಗೆ ಕಳುಹಿಸಿತು. ಸೆಪ್ಟೆಂಬರಿನಲ್ಲಿ ಬರ್ಲಿಂಗ್‌ಟನ್ನಿನಲ್ಲಿ ಕೂಡಿದ ವಾರ್ಷಿಕ ಸಭೆಯು ಈ ವಿಷಯ ಬೇರೆ ಅನೇಕ ಕಡೆಗಳಿಗೂ ಸಂಬಂಧಿಸಿರುವುದರಿಂದ ಇಲ್ಲಿ ನಿಶ್ಚಿತವಾದ ತೀರ್ಪು ಕೊಡುವುದು ಯುಕ್ತವಲ್ಲವೆಂದು ಬದಿಗಿಟ್ಟಿತು. (ಈ ನಡವಳಿಗಳಲ್ಲಿ ಏಪ್ರಿಲು ‘ಎರಡನೆಯ ತಿಂಗಳು’, ಸೆಪ್ಟೆಂಬರು ‘ಏಳನೆಯ ತಿಂಗಳು’. ಅನ್ಯದೇವತೆಗಳ ಹೆಸರುಳ್ಳ ತಿಂಗಳುಗಳನ್ನು ಕ್ವೇಕರರು ಆ ಹೆಸರಿನಿಂದ ಕರೆಯರು. ಅಂದಿನ ವರ್ಷವು ಮಾರ್ಚಿಯಲ್ಲಿ ಮೊದಲಾಗುತ್ತಿದ್ದಿತು. ಹೆಸರಿನ ವಿಷಯದಲ್ಲಿ ಇಷ್ಟು ಸೂಕ್ಷ್ಮವಾಗಿದ್ದ ಮನಸ್ಸಾಕ್ಷಿ ಇದು.) ಯಾರೂ ಪತ್ರವನ್ನು ಹರಿದು ಹಾಕಲಿಲ್ಲ, ಬರೆದವರನ್ನು ದಂಡಿಸಲಿಲ್ಲ, ಮೂರು ಸಭೆಗಳೂ ಕ್ರಮವಾಗಿ ನಡವಳಿಯನ್ನು ಬರೆದುವು. ವ್ಯವಸ್ಥೆ ತನ್ನ ಕೆಲಸವನ್ನು ಲೋಪವಿಲ್ಲದೆ ಮಾಡಿತು, ಪತ್ರಕ್ಕೆ ಮಾತ್ರ ಉತ್ತರ ಬರಲಿಲ್ಲ.

ಏಕೆ ಹೀಗಾಯಿತು? ಆ ಸಭೆಗಳಲ್ಲಿ ಕುಳಿತಿದ್ದವರಲ್ಲಿ ದಾಸರ ಒಡೆಯರಿದ್ದರೆಂಬುದು ಎದ್ದು ಕಾಣುವ ಕಾರಣ. ಒಮ್ಮತ ಬೇಕಾದ ಕಡೆ ಅಷ್ಟೇ ಸಾಕು. ಅದರ ಜೊತೆಗೆ ಇನ್ನೊಂದು ಕಾರಣವನ್ನು ನಾವು ಸೂಚಿಸಬಯಸುತ್ತೇವೆ. ಇಂಗ್ಲೆಂಡಿನ ಹಿಂಸಾವೃತ್ತಾಂತಗಳಲ್ಲಿ ಸುದ್ದಿ ಕೊಟ್ಟವನೂ ನೊಂದವನೂ ಒಬ್ಬನೇ, ಇಲ್ಲವೇ ಒಂದೇ ಸಭೆಯವರು. ಹಸುವನ್ನು ಕಳೆದುಕೊಂಡವನು ಮುಂದಿನ ತಿಂಗಳ ಸಭೆಯಲ್ಲಿ ತಾನೇ ಎದ್ದು ನಿಂತು ಹೇಳುವನು. ಪೆನ್ಸಿಲ್ವೇನಿಯದಲ್ಲಿ ನೊಂದವರು ಸಭೆಗೆ ಸೇರಿದವರಲ್ಲ. ಅವರ ಸುದ್ದಿಯನ್ನು ಏಣಿಯ ಮೊದಲ ಮೆಟ್ಟಿಲಿಗೆ ತರುವವರು ಯಾರು? ತಮ್ಮ ಕಷ್ಟವನ್ನು ಪೆನ್ನಿಯವರೆಗೆ ಬರೆದಿಟ್ಟ ಜನ ತಮ್ಮ ಮನೆಯಲ್ಲಿಯೇ ದುಡಿಯುತ್ತಿದ್ದವರ ಕಷ್ಟಕ್ಕೆ ಪುಸ್ತಕವನ್ನು ತೆರೆಯಲಿಲ್ಲ.

ಮುಂದಿನ ಅರ್ಧ ಶತಮಾನವನ್ನು ಶೀಘ್ರವಾಗಿ ದಾಟಬಹುದು. 1696ರಲ್ಲಿ ಹೊಸದಾಗಿ ದಾಸರನ್ನು ತರಿಸುವುದಕ್ಕೆ ಪ್ರೋತ್ಸಾಹ ಕೊಡಬೇಡಿರೆಂದು ಫಿಲಡೆಲ್ಫಿಯ ವಾರ್ಷಿಕ ಸಭೆ ಬುದ್ಧಿ ಹೇಳಿತು. ಅದು ಬರಿಯ ಬುದ್ಧಿಮಾತು. 1738ರಲ್ಲಿ ಬೆಂಜಮಿನ್ ಲೇ ಎಂಬ ಕುಳ್ಳ ದೇಹದ ಪ್ರತಿಭಟನಕಾರನು ಬರ್ಲಿಂಗ್‌ಟನ್ನಿನ ವಾರ್ಷಿಕ ಸಭೆಯಲ್ಲಿ ಪೊಳ್ಳು ಮಾಡಿದ ಪುಸ್ತಕದೊಳಗೆ ಕೆಂಪು ಹಣ್ಣಿನ ರಸದ ಚೀಲವನ್ನಿಟ್ಟು, ಕತ್ತಿಯಿಂದ ಇರಿದು, ದಾಸರ ಒಡೆಯರ ಮೇಲೆ ‘ರಕ್ತ’ವನ್ನು ಸಿಡಿಸಿದನು. ಅವನಿಗೆ ಬಹಿಷ್ಕಾರವಾಯಿತು. ನಡವಳಿಯ ಮರ್ಯಾದೆಯನ್ನು ಮೀರಿದವನಿಗೆ ತಕ್ಷಣ ಶಿಕ್ಷೆ, ಮನುಷ್ಯರನ್ನು ಕೊಂಡವನಿಗೆ ಬುದ್ಧಿಮಾತು! ಅವನನ್ನು ಹೊರಗಿಟ್ಟುದು ತಪ್ಪೆಂದು ಸಂಬಂಧಪಟ್ಟ ಸಭೆಗಳು ನಡವಳಿ ಬರೆದುದು 2018ರ ಆಸುಪಾಸಿನಲ್ಲಿ.

ಮಾರ್ಪಾಡು ಬಂದುದು ಪ್ರಶ್ನಾವಳಿಯ ಮೂಲಕ. 1743ರಲ್ಲಿ ಫಿಲಡೆಲ್ಫಿಯ ವಾರ್ಷಿಕ ಸಭೆಯು ದಾಸರನ್ನು ತರಿಸುವ, ತಂದವರನ್ನು ಕೊಳ್ಳುವ ವಿಷಯವನ್ನು ಪ್ರಶ್ನೆಗಳಲ್ಲಿ ಸೇರಿಸಿತು. ಮೇಲುನೋಟಕ್ಕೆ ಅಲ್ಪವಾದ ಕಾರ್ಯ. ಆದರೆ ಅಂದಿನಿಂದ ಪ್ರತಿಯೊಂದು ಮಾಸಿಕ ಸಭೆಯೂ ಮೌನವಾಗಿರಲು ಅವಕಾಶವಿಲ್ಲದೆ ಈ ಕುರಿತು ಬರೆದು ಒಪ್ಪಿಸಬೇಕಾಯಿತು. ಈ ಹೊತ್ತಿಗೆ ನ್ಯೂಜರ್ಸಿಯ ಮೌಂಟ್ ಹಾಲಿಯಲ್ಲಿ ಜಾನ್ ವುಲ್ಮನ್ (1720–1772) ಎಂಬ ಯುವಕನಿದ್ದನು. 1742ರಲ್ಲಿ ಅವನ ಯಜಮಾನನು ಒಬ್ಬ ನೀಗ್ರೋ ಹೆಂಗಸನ್ನು ಮಾರಿ, ಕ್ರಯಪತ್ರವನ್ನು ಬರೆಯೆಂದು ಅವನಿಗೆ ಹೇಳಿದನು. ಬರೆದುಕೊಟ್ಟನು; ಆದರೆ ಮನಸ್ಸು ನೊಂದು, ಇದು ಧರ್ಮಕ್ಕೆ ಒಪ್ಪುವ ಕೆಲಸವಲ್ಲವೆಂದು ಅಲ್ಲಿಯೇ ಹೇಳಿದನು. ಮುಂದೆ ಇಂಥ ಪತ್ರಗಳನ್ನು ಬರೆಯಲೊಲ್ಲದೆ, ದರ್ಜಿಯ ಕೆಲಸದಿಂದ ಜೀವಿಸುತ್ತ, ಊರೂರು ತಿರುಗಿದನು. ದಾಸರಿರುವ ಮನೆಯಲ್ಲಿ ಇಳಿದುಕೊಂಡರೆ ತನಗೆ ಸೇವೆ ಮಾಡಿದವರಿಗೆ ಹಣ ಕೊಡುವನು. ಆತಿಥೇಯನಿಗೆ ಇದಕ್ಕಿಂತ ಮುಜುಗರದ ಮಾತು ಬೇಕಾಗಿರಲಿಲ್ಲ. ದಾಸ್ಯವನ್ನು ಖಂಡಿಸಿದ ಅವನ ಪ್ರಬಂಧ 1754ರಲ್ಲಿ ಅಚ್ಚಾಯಿತು. ಅದೇ ವರ್ಷ ವಾರ್ಷಿಕ ಸಭೆಯೇ ಈ ವಿಷಯದ ಎಚ್ಚರಿಕೆಯ ಪತ್ರವನ್ನು ಎಲ್ಲ ಸಭೆಗಳಿಗೂ ಕಳುಹಿಸಿತು.

1758ರ ವಾರ್ಷಿಕ ಸಭೆಯಲ್ಲಿ ನಿರ್ಣಾಯಕವಾದ ಹೆಜ್ಜೆ ಬಿದ್ದಿತು. ಇನ್ನು ಮುಂದೆ ದಾಸರನ್ನು ಕೊಳ್ಳುವವರೂ ಮಾರುವವರೂ ಸಭೆಯ ಕಾರ್ಯಕಲಾಪಗಳಲ್ಲಿ ಭಾಗವಹಿಸುವಂತಿಲ್ಲ. ದಾಸರನ್ನಿಟ್ಟುಕೊಂಡವರ ಮನೆಗಳಿಗೆ ವುಲ್ಮನ್ ಮೊದಲಾದವರು ಹೋಗಿ ಮಾತನಾಡತಕ್ಕದ್ದು. ಈ ಸುದ್ದಿಯನ್ನು ಕೇಳಿದ ಬೆಂಜಮಿನ್ ಲೇ ತಾನು ಇನ್ನು ನೆಮ್ಮದಿಯಿಂದ ಸಾಯಬಹುದೆಂದನಂತೆ, ಮರುವರ್ಷ ಸತ್ತನು. ಮನೆಮನೆಗೆ ಹೋದವರು ಸುದ್ದಿ ಸಂಗ್ರಹಕ್ಕೂ ಹೋದವರೇ: ಯಾರ ಬಳಿ ಎಷ್ಟು ಮಂದಿ, ಒಡೆಯನು ಏನು ಹೇಳುತ್ತಾನೆ, ಮರಣಶಾಸನದಲ್ಲಿ ಬಿಡುಗಡೆ ಬರೆದಿರುವನೇ, ಮಕ್ಕಳಿಗೆ ಓದು ಕಲಿಸುತ್ತಿರುವನೇ. 1776ರಲ್ಲಿ, ಬಿಡುಗಡೆ ಮಾಡಲೊಪ್ಪದವರನ್ನು ಸಂಘದಿಂದ ಹೊರಹಾಕುವಂತೆ ವಾರ್ಷಿಕ ಸಭೆ ಮಾಸಿಕ ಸಭೆಗಳಿಗೆ ಆದೇಶಿಸಿತು. ಬಿಡುಗಡೆಯ ಪತ್ರಗಳನ್ನು ಮಾಸಿಕ ಸಭೆಗಳು ತಮ್ಮ ಪುಸ್ತಕಗಳಲ್ಲಿ ನಕಲು ಮಾಡಿಕೊಂಡುವು. ದಾಸರ ಹೆಸರುಗಳು ಸಭೆಯ ದಾಖಲೆಗೆ ಹೀಗೆ ಬಂದು ಸೇರಿದುವು, ಜರ್ಮನ್‌ಟೌನಿನ ಪತ್ರಕ್ಕೆ ಎಂಬತ್ತೆಂಟು ವರ್ಷಗಳಾದ ಮೇಲೆ. ಆ ಅವಧಿಯಲ್ಲಿ ಹುಟ್ಟಿ, ದುಡಿದು, ಸತ್ತವರಿಗೆ ಈ ಒಮ್ಮತದಿಂದ ಏನು ಪ್ರಯೋಜನವಾಯಿತೆಂದು ಕೇಳದೆ ಈ ಕಥೆಯನ್ನು ವಿಜಯಗಾಥೆಯಂತೆ ಬರೆಯುವವರೊಡನೆ ನಾವು ಸಮ್ಮತಿಸಲಾರೆವು. ಇನ್ನೊಂದು ಪಕ್ಷವನ್ನೂ ಹೇಳಬೇಕು: ಸ್ವಂತ ಆಸ್ತಿಗೆ ನಷ್ಟವಾಗುವ ಇಂಥ ನಿರ್ಣಯವನ್ನು, ಹೊರಗಿನ ಕಾನೂನಿನ ಬಲವಂತವಿಲ್ಲದೆ, ಅಷ್ಟು ಹೊತ್ತಿಗೆ ತೆಗೆದುಕೊಂಡ ಬೇರೆ ಮತಸಂಘಗಳು ವಿರಳ.

ಇಂಗ್ಲೆಂಡಿನಲ್ಲಿ ಇದೇ ವಾರ್ತಾಜಾಲ ಸಾರ್ವಜನಿಕ ಚಳವಳಿಗೆ ತಳಹದಿಯಾಯಿತು. ಲಂಡನ್ ವಾರ್ಷಿಕ ಸಭೆಯು 1783ರಲ್ಲಿ ದಾಸವ್ಯಾಪಾರದ ವಿರುದ್ಧ ಪಾರ್ಲಿಮೆಂಟಿಗೆ ಅರ್ಜಿ ಕೊಟ್ಟಿತು. 1787ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಸಮಿತಿಯ 12 ಮಂದಿಯಲ್ಲಿ 9 ಮಂದಿ ಕ್ವೇಕರರು. ಅವರಲ್ಲಿ ಜೇಮ್ಸ್ ಫಿಲಿಪ್ಸ್ ಮುದ್ರಕ. ಕ್ವೇಕರನಲ್ಲದ ತಾಮಸ್ ಕ್ಲಾರ್ಕ್‌ಸನ್ನನು ಪ್ರಮಾಣಗಳನ್ನು ಸಂಗ್ರಹಿಸುತ್ತ ಬಂದರಿನಿಂದ ಬಂದರಿಗೆ ಹೋದಾಗ ಅಲ್ಲಲ್ಲಿಯ ಕ್ವೇಕರರು ಅವನಿಗೆ ನೆರವಾದರು. 1807ರ ಶಾಸನದವರೆಗಿನ ಮುಂದಿನ ಕಥೆ ವಾಚಕರಿಗೆ ಪರಿಚಿತವಾದುದೇ.

ಬಿಡುಗಡೆಯಾದವರು ಸಭೆಗೆ ಬಂದಾಗ ಏನಾಯಿತೆಂಬುದು ಅಷ್ಟು ಪರಿಚಿತವಲ್ಲ. ಫಿಲಡೆಲ್ಫಿಯದ ಶಿಕ್ಷಕಿ ಸಾರಾ ಮ್ಯಾಪ್ಸ್ ಡಗ್ಲಸ್ (1806–1882) ತನ್ನ ತಾಯಿಯೊಡನೆ ಆರ್ಚ್ ಸ್ಟ್ರೀಟಿನ ಸಭಾಗೃಹಕ್ಕೆ ಹೋಗುತ್ತಿದ್ದಳು. ಅಲ್ಲಿ ಕರಿಯರಿಗೆಂದು ಬೇರೆ ಬೆಂಚನ್ನು ಇಟ್ಟಿದ್ದರು. ಇತರರು ಅಲ್ಲಿ ಬಂದು ಕೂಡದಂತೆ ನೋಡಿಕೊಳ್ಳುತ್ತಿದ್ದುದನ್ನು ಆಕೆ 1837ರಲ್ಲಿ ವಿಲಿಯಂ ಬ್ಯಾಸೆಟ್ ಎಂಬ ಕ್ವೇಕರನಿಗೆ ಪತ್ರದಲ್ಲಿ ವಿವರಿಸಿದಳು. ನಡವಳಿಗಳಲ್ಲಿ ಬೆಂಚು ಸುಲಭವಾಗಿ ಕಾಣಸಿಗದು. ಅದರ ಮೇಲೆ ಕುಳಿತವಳ ಪತ್ರದಲ್ಲಿ ಕಾಣುತ್ತದೆ. ಕ್ವೇಕರರ ಇತಿಹಾಸವನ್ನು ಅವರ ಅಧಿಕೃತ ದಾಖಲೆಗಳಿಂದ ಮಾತ್ರ ಬರೆಯಹೊರಟವರು ಈ ಪತ್ರವನ್ನು ಮೊದಲು ಓದುವುದು ಒಳ್ಳೆಯದು. 1688ರ ಪತ್ರವೂ ಮರೆತುಹೋಗಿದ್ದು 1844ರಲ್ಲಿ ಮತ್ತೆ ಕೈಗೆ ಸಿಕ್ಕಿ, ಅಚ್ಚಾಗಿ, ದಾಸ್ಯವಿರೋಧಿಗಳಿಗೆ ಒದಗಿತು. ಪುನಃ ಕಣ್ಮರೆಯಾಗಿ 2005ರಲ್ಲಿ ಅದೇ ಆರ್ಚ್ ಸ್ಟ್ರೀಟಿನ ಸಭಾಗೃಹದ ಭದ್ರಕೋಠಡಿಯಲ್ಲಿ ದೊರೆಯಿತು. ಈಗ ಅದು ಹ್ಯಾವರ್‌ಫರ್ಡ್ ಕಾಲೇಜಿನ ಸಂಗ್ರಹದಲ್ಲಿದೆ.

ಹೊರಗಿನವರ ಕಷ್ಟಕ್ಕೆ ಪುಸ್ತಕವನ್ನು ತೆರೆಯುವ ಅಭ್ಯಾಸ ಹತ್ತೊಂಬತ್ತನೆಯ ಶತಮಾನದಲ್ಲಿ ಗಟ್ಟಿಯಾಯಿತು. ಐರ್ಲೆಂಡಿನ ಆಲೂಗಡ್ಡೆಯ ಕ್ಷಾಮದ ಕಾಲದಲ್ಲಿ ಅಲ್ಲಿಯ ಕ್ವೇಕರರ ಸಂಖ್ಯೆ ಸುಮಾರು 3,000. ಅವರು 1846ರ ನವೆಂಬರಿನಲ್ಲಿ ಡಬ್ಲಿನ್ನಿನಲ್ಲಿ ಒಂದು ಪರಿಹಾರ ಸಮಿತಿಯನ್ನು ರಚಿಸಿದರು. ಮೊದಲ ಕೆಲಸಗಳಲ್ಲೊಂದು ಪ್ರಶ್ನಾಪತ್ರಗಳನ್ನು ಊರೂರಿಗೆ ಕಳುಹಿಸಿದುದು. ಹಳೆಯ ಪ್ರಶ್ನಾವಳಿಯ ಪದ್ಧತಿಯೇ! ವಿಲಿಯಂ ಫಾರ್‌ಸ್ಟರ್, ಜೇಮ್ಸ್ ಹ್ಯಾಕ್ ಟ್ಯೂಕ್ ಮೊದಲಾದವರು ಇಂಗ್ಲೆಂಡಿನಿಂದ ಬಂದು ಪಶ್ಚಿಮದ ಜಿಲ್ಲೆಗಳನ್ನು ನಡುಚಳಿಗಾಲದಲ್ಲಿ ಸುತ್ತಿ, ಕಂಡುದನ್ನು ಅಚ್ಚುಹಾಕಿಸಿದರು. ಸುಮಾರು 2 ಲಕ್ಷ ಪೌಂಡಿನಷ್ಟು ಹಣ, ಆಹಾರ, ಬಟ್ಟೆ ಹಂಚಿಕೆಯಾಯಿತು, ಮತಾಂತರದ ಷರತ್ತಿರಲಿಲ್ಲ. 1849ರ ವೇಳೆಗೆ, ಇದು ಖಾಸಗಿ ದಾನದಿಂದ ಆಗತಕ್ಕ ಕೆಲಸವಲ್ಲ, ಸರಕಾರದ ಹೊಣೆ ಎಂದು ಸಮಿತಿ ಸ್ಪಷ್ಟವಾಗಿ ಹೇಳಿತು. 1852ರಲ್ಲಿ ಅದು ಪ್ರಕಟಿಸಿದ ವರದಿ ಆ ಕ್ಷಾಮದ ಚರಿತ್ರೆಗೆ ಇಂದಿಗೂ ಮುಖ್ಯ ಆಕರಗಳಲ್ಲೊಂದು.

ಭಾರತಕ್ಕೂ ಈ ಜಾಲದ ಎಳೆಗಳು ಬಂದುವು. 1866ರಲ್ಲಿ ರೇಚೆಲ್ ಮೆಟ್‌ಕಾಫ್ ಬಂದ ಮೇಲೆ ನರ್ಮದಾತೀರದ ಹೋಶಂಗಾಬಾದಿನ ಪ್ರಾಂತದಲ್ಲಿ ಕ್ವೇಕರರ ಶಾಲೆಗಳೂ ಆಸ್ಪತ್ರೆಗಳೂ ಏರ್ಪಟ್ಟುವು. ಇಪ್ಪತ್ತನೆಯ ಶತಮಾನದಲ್ಲಿ ಅವರ ಕಾರ್ಯ ಮತ್ತೊಂದು ಬಗೆಯದು. ಗಾಂಧೀಜಿಯವರು ದುಂಡುಮೇಜಿನ ಪರಿಷತ್ತಿಗಾಗಿ ಲಂಡನ್ನಿಗೆ ಹೋದ 1931ರಲ್ಲಿಯೇ ಅಲ್ಲಿ ಭಾರತ ಸಂಧಾನಮಂಡಲಿ ರೂಪುಗೊಂಡಿತು. ಕಾರ್ಯದರ್ಶಿನಿ ಅಗಾಥಾ ಹ್ಯಾರಿಸನ್ ಅವರು ಭಾರತದ ನಿಜಸ್ಥಿತಿಯನ್ನು ಬ್ರಿಟಿಷ್ ರಾಜಕಾರಣಿಗಳಿಗೆ ತಿಳಿಸುವುದನ್ನು ತಮ್ಮ ಜೀವನದ ಕಾರ್ಯವನ್ನಾಗಿ ಮಾಡಿಕೊಂಡರು. 1942ರಲ್ಲಿ ಹೊರೇಸ್ ಅಲೆಕ್ಸಾಂಡರರೊಡನೆ ಕ್ವೇಕರ್ ಪ್ರೇರಣೆಯ ಒಂದು ಶುಶ್ರೂಷಾದಳ ಬಂಗಾಳಕ್ಕೆ ಬಂದಿತು. ಬಂದುದು ಜಪಾನಿನ ವಿಮಾನದಾಳಿಯಲ್ಲಿ ನೊಂದವರಿಗೆ ನೆರವಾಗಲು. ಎದುರಾದುದು ಅಕ್ಟೋಬರಿನ ಮೇದಿನೀಪುರದ ಚಂಡಮಾರುತ, ಮರುವರ್ಷದ ಮಹಾಕ್ಷಾಮ. ಅಮೆರಿಕದ ಕ್ವೇಕರ್ ಸೇವಾಸಮಿತಿಯೂ ಕೈಜೋಡಿಸಿತು. ಮಕ್ಕಳಿಗೆ ಹಾಲು ಹಂಚುವುದು ಅವರ ಮುಖ್ಯ ಕೆಲಸಗಳಲ್ಲೊಂದಾಯಿತು. 1947ರಲ್ಲಿ ಬ್ರಿಟನ್ ಮತ್ತು ಅಮೆರಿಕಗಳ ಎರಡು ಕ್ವೇಕರ್ ಸೇವಾಸಂಸ್ಥೆಗಳಿಗೆ ನೊಬೆಲ್ ಶಾಂತಿಪಾರಿತೋಷಿಕ ಬಂದಿತು. ಅಗಾಥಾ ಹ್ಯಾರಿಸನ್ನರ ಕಾಗದಪತ್ರಗಳು, ಹಸುವಿನ ಬೆಲೆಯನ್ನೂ ತಾಮ್ರದ ಪಾತ್ರೆಯ ಬೆಲೆಯನ್ನೂ ಬರೆದಿಟ್ಟ ಆ 44 ಸಂಪುಟಗಳಿರುವ ಗ್ರಂಥಭಂಡಾರದಲ್ಲಿಯೇ ಇವೆ.